ಬಿ ಸೈಡಿನ ಕೊನೆಯ ಹಾಡು

ಗುರುಶಾಂತಮ್ಮನ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಮದುವೆ ಮನೆಗೆ ಹೋದರೆ ಹೆಣ್ಣಿನ ಕಡೆಯವರ ಸುದ್ದಿಯನ್ನು ಗಂಡಿನ ಕಡೆಯವರಿಗೂ, ಗಂಡಿನ ಕಡೆಯವರದನ್ನು ಅಡುಗೆಯವರಿಗೂ ಹೇಳಿ ಮುಗಿಸಿ, ಎಲೆ ಹಾಕುವ ಹೊತ್ತಿಗೆ ಎಲ್ಲರಿಗೂ ಬೇಕಾದವಳಾಗಿಬಿಡುತ್ತಿದ್ದಳು. ಎಚ್.ಡಿ. ಕೋಟೆಯಲ್ಲಿ ಅವಳ ಗಂಡನ ಬಟ್ಟೆ ಅಂಗಡಿ ನಡೆದದ್ದೇ ಅವಳ ಮಾತಿನಿಂದ ಎಂದು ಊರವರು ಆಡಿಕೊಳ್ಳುತ್ತಿದ್ದರು. ರವಿಕೆ ಬಟ್ಟೆಗೆಂದು ಬಂದ ಹೆಂಗಸು ಸೀರೆಯ ಗಂಟು ಹೊತ್ತುಕೊಂಡು, ಜೊತೆಗೆ ತನ್ನ ಮನೆಯ ಕಷ್ಟಸುಖವನ್ನೆಲ್ಲ ಅಲ್ಲಿಯೇ ಇಳಿಸಿ ಹೋಗುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಅಂಗಡಿಯ ಆ ಗದ್ದಲ ಕಡಿಮೆಯಾಗಲಿಲ್ಲ.

ಅಂಥವಳಿಗೆ ದೀಪಾವಳಿಯ ಹಿಂದಿನ ವಾರ ಸ್ಟ್ರೋಕ್ ಹೊಡೆಯಿತು. ಬಲಗಾಲು ಬೇಗ ಸ್ವಾಧೀನಕ್ಕೆ ಬಂತು, ಬಲಗೈ ಅರ್ಧಂಬರ್ಧ ಬಂತು. ಮಾತು ಮಾತ್ರ ಬರಲಿಲ್ಲ. ಅಷ್ಟೊಂದು ಮಾತಿನ ಜಾಗದಲ್ಲಿ ಒಂದೇ ಒಂದು ಪದ ಉಳಿದುಕೊಂಡಿತು: ‘ಅದೇ’. ನೀರು ಬೇಕಾದರೂ ಅದೇ, ಬಚ್ಚಲಿಗೆ ಹೋಗಬೇಕಾದರೂ ಅದೇ, ಸಾರಿಗೆ ಉಪ್ಪು ಹೆಚ್ಚಾದರೂ ಅದೇ. ಹೇಳಬೇಕಾದ್ದು ಎದುರಿನವರಿಗೆ ತಿಳಿಯದಿದ್ದರೆ ಇನ್ನಷ್ಟು ಜೋರಾಗಿ ‘ಅದೇ, ಅದೇ’ ಎನ್ನುವಳು. ಆಮೇಲೆ ಎಡಗೈಯಿಂದ ತೊಡೆ ಬಡಿದುಕೊಂಡು ಗೋಡೆಯ ಕಡೆ ತಿರುಗುವಳು.

ಕೋಟೆಯಲ್ಲಿ ಮಗಳು ಪೂಜಾ ಅಂಗಡಿಯನ್ನೂ ನೋಡಿಕೊಂಡು ಅಮ್ಮನನ್ನೂ ನೋಡಿಕೊಳ್ಳಲು ಒದ್ದಾಡುತ್ತಿದ್ದಳು. ಹುಣಸೂರಿನಲ್ಲಿ ದಿನಾ ಫಿಸಿಯೋಥೆರಪಿ ಮಾಡಿಸಬಹುದೆಂದು ತಂಗಿ ಪುಷ್ಪಾ ಹೋಗಿ ಅಕ್ಕನನ್ನು ತನ್ನ ಮನೆಗೆ ಕರೆತಂದಳು. ಪುಷ್ಪಾಳ ಗಂಡ ಶಿವಶಂಕರನದು ದಿನಸಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮೊದಲ ದಿನ ರಾತ್ರಿ ಊಟಕ್ಕೆ ಕೂತಾಗ ಮೂವರಲ್ಲಿ ಯಾರಿಗೂ ಏನು ಮಾತಾಡಬೇಕೆಂದೇ ಹೊಳೆಯಲಿಲ್ಲ. ಚಿಕ್ಕಂದಿನಿಂದ ಅಕ್ಕನ ಮಾತಿನ ಸಂದಿಯಲ್ಲಿ ತೂರಿಕೊಂಡು ಒಂದೆರಡು ಮಾತಾಡಿ ಅಭ್ಯಾಸವಾಗಿದ್ದ ಪುಷ್ಪಾಳಿಗೆ ಈಗ ಇಡೀ ಮನೆಯ ಮಾತನ್ನು ತಾನೊಬ್ಬಳೇ ಆಡಬೇಕಾಗಿ ಬಂದದ್ದು ಬಲು ಕಷ್ಟವಾಯಿತು.

ಅವರೆಕಾಯಿಯ ಕಾಲ ಬಂತು. ಒಂದು ಬೆಳಿಗ್ಗೆ ಪುಷ್ಪಾ ಹಿತ್ತಲ ಕಡೆಯ ಜಗಲಿಯಲ್ಲಿ ನೆನೆಸಿದ ಕಾಳು ಹಿತುಕುತ್ತಾ ಕೂತಿದ್ದಳು. ಅಕ್ಕ ಪಕ್ಕದ ಕುರ್ಚಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಒಂದು ರಾಗ ಕೇಳಿಸಿತು. ಯಾರದೋ ಮೊಬೈಲಿನದೆಂದು ಪುಷ್ಪಾ ಮೊದಲು ತಲೆಯೆತ್ತಲಿಲ್ಲ. ಆಮೇಲೆ ನೋಡಿದರೆ ಅಕ್ಕ ಹಾಡುತ್ತಿದ್ದಳು. ಕಣ್ಣು ಮುಚ್ಚಿತ್ತು, ತುಟಿ ಒಂದು ಕಡೆಗೆ ವಾಲಿತ್ತು, ಆದರೆ ರಾಗ ಎಲ್ಲೂ ವಾಲಿರಲಿಲ್ಲ. ರಾಗದ ಹಿಂದೆ ಮಾತೂ ಬಂತು:

‘ಹೊಳೆಯ ಆಚೆಗೆ ದೀಪ ಹಚ್ಚವ್ರೆ,
ಯಾರ ಮನೆಯದೋ ಕಾಣೆ ನಾ...’

ಪುಷ್ಪಾಳ ಕೈಯಿಂದ ಕಾಳು ಚಿಮ್ಮಿ ಅಂಗಳಕ್ಕೆ ಬಿತ್ತು. "ಅಕ್ಕಾ! ಮಾತಾಡ್ದೆ ಕಣೆ! ಇನ್ನೊಂದ್ ಸಲ ಅನ್ನು!"

ಅಕ್ಕ ಕಣ್ಣು ಬಿಟ್ಟಳು. ಹೇಳಲು ಬಾಯಿ ತೆಗೆದಳು. "ಅದೇ," ಎಂದಳು. ಮತ್ತೆ ರಾಗ ಹಿಡಿದಳು. ದೀಪ ಬಂತು, ಕಾಣೆ ನಾ ಬಂತು, ಮುಂದಿನ ಸಾಲಿಗೆ ಬಂದು ನಿಂತಿತು. ಮತ್ತೊಮ್ಮೆ ಮೊದಲಿನಿಂದ ಹಿಡಿದಳು, ಅಲ್ಲಿಯೇ ನಿಂತಿತು. ತೊಡೆ ಬಡಿದುಕೊಂಡು ಅಳತೊಡಗಿದಳು.

ಪುಷ್ಪಾ ಮೈಸೂರಿನಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಭಾವನಾಗೆ ಫೋನ್ ಮಾಡಿದಳು. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ, ಸಂತೋಷವಾಯಿತು. "ತಲೇಲಿ ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ ಕಣ್ರೀ. ಹಾಡಿನ ದಾರೀಲಿ ಮಾತನ್ನ ವಾಪಸ್ ಕರ್ಕೊಂಡು ಬರಬಹುದು. ಅವರಿಗೆ ಗೊತ್ತಿರೋ ಹಾಡು ಹಾಡಿಸಿ, ಪೂರ್ತಿ ಹಾಡಿಸಿ," ಎಂದಳು.

ಪುಷ್ಪಾ ವಚನ ಹಾಡಿದಳು, ಸೋಬಾನೆ ಹಾಡಿದಳು, ಸಿನಿಮಾ ಹಾಡುಗಳನ್ನೂ ಹಾಡಿ ನೋಡಿದಳು. ಅಕ್ಕ ತಲೆದೂಗುತ್ತಿದ್ದಳು, ಬಾಯಿ ತೆಗೆಯುತ್ತಿರಲಿಲ್ಲ. ಅವಳಿಗೆ ಬೇಕಾದ್ದು ಆ ಹೊಳೆಯಾಚೆಯ ದೀಪವೇ.

ಆ ಹಾಡು ಎಲ್ಲಿಯದೆಂದು ನೆನಪಾಗಲು ಪುಷ್ಪಾಳಿಗೆ ಎರಡು ದಿನ ಹಿಡಿಯಿತು. ಪಿರಿಯಾಪಟ್ಟಣದ ತವರಿನಲ್ಲಿ ಇಬ್ಬರೂ ಮದುವೆಯಾಗದೆ ಇದ್ದ ಕಾಲ. ಆಗ ಒಂದು ಕ್ಯಾಸೆಟ್ ಬಂದಿತ್ತು. ಹಾಡಿದವನು ದೇವರಾಜ್, ಈ ಕಡೆಯವನೇ. ಅದರಲ್ಲಿ ‘ಕರ್ಚೀಫು ಹಾಕಿವ್ನಿ ಕಿಟಕಿಯ ಸೀಟಿಗೆ, ಬಂದೀಯ ಚೆಲುವೆ ನನ್ ಜೊತೆ ಕ್ವಾಟೆಗೆ’ ಎಂಬ ಹಾಡು ಹುಚ್ಚೆದ್ದು ಓಡಿತು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಎಲ್ಲ ರಸ್ತೆಯ ಪ್ರೈವೇಟ್ ಬಸ್ಸುಗಳಲ್ಲೂ ಅದೇ ಹಾಡು. ತಂಬಾಕಿನ ಎಲೆಯನ್ನು ಬಿಸಿಯಲ್ಲಿ ಹದ ಮಾಡುವ ಬ್ಯಾರನ್ ಮನೆಗಳ ಮುಂದೆ ಬೆಂಕಿ ಕಾಯುತ್ತ ಕೂತವರ ಬಾಯಲ್ಲೂ ಅದೇ. ಹಾಡಿನ ನಡುವೆ ಒಂದು ಸಿಳ್ಳೆ ಬರುತ್ತಿತ್ತು. ಪುಷ್ಪಾ ಆ ಸಿಳ್ಳೆ ಕಲಿತು ಅಜ್ಜಿಯ ಕೈಲಿ ಬೆನ್ನಿಗೆ ಗುದ್ದು ತಿಂದಿದ್ದಳು. ಕ್ಯಾಸೆಟ್ಟಿನ ಎ ಸೈಡಿನ ಮೊದಲ ಹಾಡದು. ಬಿ ಸೈಡನ್ನು ಯಾರು ಕೇಳುತ್ತಿದ್ದರು? ಅಕ್ಕ ಕೇಳುತ್ತಿದ್ದಳು. ಮಧ್ಯಾಹ್ನ ಎಲ್ಲರೂ ಒರಗಿದ ಮೇಲೆ, ಅಕ್ಕಿ ಆರಿಸುತ್ತಾ, ಟೇಪ್‌ರೆಕಾರ್ಡರಿನ ಸದ್ದು ತಗ್ಗಿಸಿ ಕೊನೆಯ ಹಾಡನ್ನು ಹಾಕಿಕೊಳ್ಳುತ್ತಿದ್ದಳು. ಪುಷ್ಪಾ ಬಂದು, "ಥೂ, ಇದೊಂದು ಅಳುಬುರುಕ ಹಾಡು," ಎಂದು ಕ್ಯಾಸೆಟ್ ತಿರುಗಿಸಿಬಿಡುತ್ತಿದ್ದಳು. ಅಷ್ಟು ಮಾತಾಡುವ ಅಕ್ಕ ಆಗ ಮಾತ್ರ ಏನೂ ಅನ್ನುತ್ತಿರಲಿಲ್ಲ. ಮರಳಿ ತಿರುಗಿಸುತ್ತಲೂ ಇರಲಿಲ್ಲ.

ಆ ಕ್ಯಾಸೆಟ್ ಈಗೆಲ್ಲಿ? ಟೇಪು ಸಿಕ್ಕು ಬಿದ್ದ ಮೇಲೆ ಅಪ್ಪ ಅದನ್ನು ಎಳೆದು ಜೋಳದ ಹೊಲಕ್ಕೆ ಅಡ್ಡಡ್ಡ ಕಟ್ಟಿದ್ದರು. ಗಾಳಿಗೆ ಪಳಪಳ ಹೊಳೆದು ಗಿಳಿಗಳನ್ನು ಓಡಿಸುತ್ತಿತ್ತು. ಮೊಬೈಲಿನಲ್ಲಿ ಹುಡುಕಿದರೆ ಕರ್ಚೀಫಿನ ಹಾಡು ಹತ್ತಾರು ಕಡೆ ಇತ್ತು, ಕುಣಿಯುವ ಹುಡುಗರ ಜೊತೆಗೂ ಇತ್ತು. ದೀಪದ ಹಾಡು ಎಲ್ಲೂ ಇರಲಿಲ್ಲ.

ಹುಣಸೂರು ಬಸ್ ಸ್ಟ್ಯಾಂಡಿನ ಎದುರು ಎಳನೀರು ಮಾರುವ ದಾಸಯ್ಯ ಆ ಕಾಲದಲ್ಲಿ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಆಗಿದ್ದವನು. ಪುಷ್ಪಾ ಅವನನ್ನು ಕೇಳಿದಳು.

"ಕರ್ಚೀಫ್ ಹಾಡಾ? ಅಯ್ಯೋ, ಅದ ಹಾಕ್ದೆ ನಮ್ ಡ್ರೈವರ್ರು ಗಾಡಿನೇ ಎತ್ತುತಿರ್ನಿಲ್ಲ ಕಣಮ್ಮ," ಎಂದು ದಾಸಯ್ಯ ಅರಳಿದ.

"ಅದಲ್ಲ ದಾಸಯ್ಯ, ಅದೇ ಕ್ಯಾಸೆಟ್ಟಿನ ಆ ಕಡೆ ಸೈಡಿಂದು. ಹೊಳೆಯ ಆಚೆಗೆ ದೀಪ ಹಚ್ಚವ್ರೆ ಅಂತ."

"ಅದ ನಾನು ಕೇಳೇ ಇಲ್ಲ ಬುಡಿ. ಆ ಕಡೆ ಸೈಡು ಯಾರು ಹಾಕೋರು? ಮುಗೀತಾ, ಸುತ್ತಿ ಮತ್ತೆ ಈ ಕಡೇದೇ." ಕಾಯಿ ಕೊಚ್ಚುತ್ತಿದ್ದವನು ಮಚ್ಚನ್ನು ಹಾಗೇ ಹಿಡಿದು ಯೋಚಿಸಿದ. "ಅವನ್ನೇ ಕೇಳ್ಬುಡಿ. ದೇವರಾಜು ಇನ್ನೂ ಗಟ್ಟಿಯಾಗವ್ನೆ. ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದ ತಾವ ಗದ್ದೆ ಮಾಡ್ಕೊಂಡವ್ನಂತೆ."

ಮನೆಗೆ ಬಂದು ಹೇಳಿದಾಗ ಶಿವಶಂಕರ ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದ. "ನಾಳೇನೇ ಹೋಗ್ಬಾ," ಎಂದ. "ಅಕ್ಕನ್ನ ಅಂಗಡೀಲೇ ಕೂರಿಸ್ಕೋತೀನಿ. ಜನ ಕಂಡ್ರೆ ಅವ್ರಿಗೂ ಹೊತ್ತು ಹೋಗುತ್ತೆ."

ಮರುದಿನ ಪುಷ್ಪಾ ಕೆ.ಆರ್. ನಗರದ ಬಸ್ಸು ಹತ್ತಿ, ಅಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಹೊಸ ಅಗ್ರಹಾರಕ್ಕೆ ಹೋದಳು. ಭತ್ತದ ಕುಯಿಲು ಮುಗಿದಿತ್ತು. ದೇವರಾಜು ಮನೆಯ ಮುಂದೆ ಭತ್ತ ಹರವಿಕೊಂಡು, ಪಂಚೆ ಎತ್ತಿ ಕಟ್ಟಿ, ಕಾಲಿನಿಂದ ಸಾಲು ತೆಗೆಯುತ್ತಾ ಒಣಗಿಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕ್ಯಾಸೆಟ್ಟಿನ ಮೇಲಿನ ಫೋಟೋದಲ್ಲಿದ್ದ ಗುಂಗುರು ಕೂದಲಿನ, ಅಗಲ ಕಾಲರಿನ ಹುಡುಗನನ್ನು ಆ ಮುಖದಲ್ಲಿ ಹುಡುಕಬೇಕಾಗಿತ್ತು.

ತಾನು ಹುಣಸೂರಿನವಳು, ಒಂದು ಹಾಡಿನ ವಿಚಾರಕ್ಕೆ ಬಂದೆ ಎಂದು ಪುಷ್ಪಾ ಹೇಳುತ್ತಿದ್ದಂತೆ ಅವನ ಮುಖ ಗಂಟಾಯಿತು.

"ಮೊಬೈಲಲ್ಲೇ ಅದೆ, ನೋಡ್ಕಳಿ," ಎಂದು ಮತ್ತೆ ಭತ್ತದಲ್ಲಿ ಕಾಲಾಡಿಸಿದ. "ದೇವರಾಜು ಅಂದ್ರೆ ಈ ಸೀಮೇಲಿ ಯಾರ್ಗೂ ಗೊತ್ತಾಗಕ್ಕಿಲ್ಲ. ಕರ್ಚೀಫು ಅನ್ಬೇಕು. ನಮ್ಮಪ್ಪ ಸತ್ತು ತಿಥಿಗೆ ಜನ ಸೇರಿದ್ರೆ ಅವತ್ತೂ ಒಬ್ಬ, ಒಂದ್ ಸಿಳ್ಳೆ ಬುಡಲಾ ಅಂದ. ಸಾಕು ಬುಡಿ ತಾಯಿ."

ಒಳಗಿನಿಂದ ಅವನ ಹೆಂಡತಿ ಸುನಂದಮ್ಮ ಬಂದು ಚಾಪೆ ಹಾಸಿದಳು. "ದೂರದಿಂದ ಬಂದವ್ರೆ, ಕುಂತ್ಕಳಿ ಅನ್ಬಾರ್ದಾ?" ಎಂದು ಗಂಡನನ್ನು ಗದರಿ ಮಜ್ಜಿಗೆಗೆ ಒಳಗೆ ಹೋದಳು.

ಪುಷ್ಪಾ ಕೂರಲಿಲ್ಲ. ಅವಳಿಗೆ ಅಂಥ ಕಂಠವೇನೂ ಇರಲಿಲ್ಲ. ಹೊರಗಿನವರ ಮುಂದೆ ಹಾಡಿ ಗೊತ್ತೂ ಇರಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿಕೊಂಡು, ನೆಲ ನೋಡುತ್ತಾ ಅಕ್ಕ ಹಾಡಿದಷ್ಟನ್ನು ಹಾಡಿದಳು.

ಭತ್ತದಲ್ಲಿ ಆಡುತ್ತಿದ್ದ ಕಾಲು ನಿಂತಿತು.

"ಇದ ಯಾರು ಹೇಳ್ಕೊಟ್ರು ನಿಮ್ಗೆ?" ಅವನ ದನಿ ಒಂದೇ ಸಲಕ್ಕೆ ಇಳಿದಿತ್ತು.

ಪುಷ್ಪಾ ಅಕ್ಕನ ವಿಷಯವನ್ನೆಲ್ಲ ಹೇಳಿದಳು. ದೇವರಾಜು ಭತ್ತದ ನಡುವಿನಿಂದ ಹೊರಗೆ ಬಂದು ಚಾಪೆಯ ಅಂಚಿನಲ್ಲಿ ಕೂತ. ಅಂಗಾಲಿಗೆ ಹತ್ತಿದ ಹೊಟ್ಟು ಒರೆಸಿಕೊಂಡ.

"ಕರ್ಚೀಫ್ ಹಾಡ್ನ ಒಂದು ಮಧ್ಯಾನ್ನ ಮುದ್ದೆ ಉಂಡು ಕೈ ತೊಳೆಯೋದ್ರೊಳ್ಗೆ ಕಟ್ಬುಟ್ಟೆ ಕಣವ್ವ," ಎಂದ. "ಇದ್ಕೆ ಒಂದು ಮಳೆಗಾಲ ಪೂರ್ತಿ ಹಿಡೀತು. ಮ್ಯಾಂಡೋಲಿನ್ನೂ ನಾನೇ ನುಡಿಸ್ದೆ. ರೆಕಾರ್ಡಿಂಗ್ ಮಾಡೋರು ಕೇಳಿ, ಇದ್ರಲ್ಲಿ ಕುಣಿಯಕ್ಕೇನದಪ್ಪಾ ಅಂದ್ರು. ಬ್ಯಾಡ ಅಂತ್ಲೇ ಇದ್ರು. ಕೊನೇಲಿ ಒಂಚೂರು ಟೇಪ್ ಮಿಕ್ತು, ಅದ್ಕೆ ಹಾಕುದ್ರು. ಆಮೇಕೆ ಇಂಥವೇ ಹಾಡು ಮಾಡಿ ಇನ್ನೊಂದು ಕ್ಯಾಸೆಟ್ ಬುಟ್ಟೆ. ಒಬ್ರೂ ಕೊಳ್ನಿಲ್ಲ. ಸರಿ, ನಂಗೆ ಬರಾದು ಸಿಳ್ಳೆ ಒಂದೇ ಅನ್ಕಂಡು ಗದ್ದೆಗಿಳುದ್ಬುಟ್ಟೆ."

ಮಜ್ಜಿಗೆ ತಂದ ಸುನಂದಮ್ಮ ಅಲ್ಲೇ ಕೂತಳು. "ಹೊಳೆ ಆಚೆ ದೀಪ ಯಾರ ಮನೇದು ಅಂತ ಮದ್ವೆಯಾದಾಗ್ಲಿಂದ ಕೇಳ್ತಾ ಇವ್ನಿ ಕಣವ್ವ. ಇವತ್ತಿಗೂ ಬಾಯ್ಬುಡ್ನಿಲ್ಲ," ಎಂದು ನಕ್ಕಳು. ದೇವರಾಜು ಮಜ್ಜಿಗೆಯ ಲೋಟದೊಳಕ್ಕೆ ನೋಡಿದ.

"ಅಣ್ಣ, ಮುಂದಿನ ಪದ ಹೇಳ್ಕೊಡಿ. ಕಲ್ತು ಹೋಗಿ ಅಕ್ಕಂಗೆ ಹಾಡ್ತೀನಿ," ಎಂದಳು ಪುಷ್ಪಾ.

ಅವನು ಮೊದಲ ಚರಣ ಹೇಳಿದ. ‘ದೋಣಿಯವನು ಉಂಡು ಮಲಗವ್ನೆ, ಯಾರ ಕರೆಯಲಿ ಹೇಳೆ ನೀ.’ ಎರಡನೆಯದಕ್ಕೆ ಬಾಯಿ ತೆಗೆದವನು ಹಾಗೇ ಉಳಿದ. ಹಣೆ ಒತ್ತಿಕೊಂಡ, ಅಂಗಳದ ಕೊನೆಯವರೆಗೆ ನಡೆದು ಹೋಗಿ ವಾಪಸು ಬಂದ. ಬರಲಿಲ್ಲ. ಹೆಂಡತಿಯ ಮುಖ ನೋಡಿದ. "ನಂಗೂ ಅಷ್ಟೇ ಬರಾದು," ಎಂದಳು ಸುನಂದಮ್ಮ. ಅವನ ಹತ್ತಿರವೂ ಕ್ಯಾಸೆಟ್ ಉಳಿದಿರಲಿಲ್ಲ. ಇದ್ದದ್ದೊಂದನ್ನು ಯಾರೋ ಕೇಳಿ ಒಯ್ದವರು ಕರ್ಚೀಫಿನ ಹಾಡು ಸವೆಯುವ ತನಕ ಹಾಕಿ, ಆಮೇಲೆ ಬಿಸಾಕಿದ್ದರು.

"ನನ್ ಹಾಡ್ನ ನಾನೇ ಮರ್ತವ್ನಿ ನೋಡವ್ವ," ಎಂದ ದೇವರಾಜು.

"ನೀವೇ ಒಂದ್ಸಲ ಬಂದು ನಮ್ಮಕ್ಕನ ಮುಂದೆ ನುಡಿಸಿ ಅಣ್ಣ. ಬರುವಷ್ಟೇ ಹಾಡಿ."

"ನಾನು ಹಾಡಿ ಯಾವ ಕಾಲ ಆಯ್ತು. ಅರ್ಧಕ್ಕೆ ನಿಂತೋದ್ರೆ ಆಯಮ್ಮನ್ನ ಇನ್ನೂ ನೋಯಿಸ್ದಂಗಾಯ್ತದೆ. ಬ್ಯಾಡಿ."

"ಬತ್ತಾರೆ ಕಣವ್ವ," ಎಂದಳು ಸುನಂದಮ್ಮ ಗಂಡನ ಕಡೆ ನೋಡದೆ. "ಭತ್ತ ಒಣಗ್ಲಿ. ನಾನೇ ಕರ್ಕಬತ್ತೀನಿ."

ಕಲಿತು ಬಂದ ಒಂದು ಚರಣವನ್ನು ಪುಷ್ಪಾ ಹಾಡಿ ತೋರಿಸಿದರೂ ಅಕ್ಕನ ದನಿ ಹಳೆಯ ಜಾಗದಲ್ಲೇ ನಿಲ್ಲುತ್ತಿತ್ತು. ಭತ್ತ ಒಣಗಿ ಮೂಟೆಯಾಯಿತು. ಸಂಕ್ರಾಂತಿಯ ಎರಡು ದಿನ ಮುಂಚೆ ಇಬ್ಬರೂ ಹುಣಸೂರಿನ ಮನೆಗೆ ಬಂದರು. ಸುನಂದಮ್ಮನ ಕೈಯಲ್ಲಿ ಕಬ್ಬಿನ ಜಲ್ಲೆ, ದೇವರಾಜುವಿನ ಕಂಕುಳಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಮ್ಯಾಂಡೋಲಿನ್. ಅಟ್ಟದಿಂದ ಇಳಿಸಿ, ಮೈಸೂರಿಗೆ ಹೋಗಿ ಹೊಸ ತಂತಿ ಹಾಕಿಸಿಕೊಂಡು ಬಂದಿದ್ದ. ಬೆರಳ ತುದಿ ಎಲ್ಲ ಕೆಂಪಾಗಿತ್ತು.

ಬೆಳಿಗ್ಗೆ ಪುಷ್ಪಾ ಅಕ್ಕನಿಗೆ, "ದೀಪದ ಹಾಡಿನ ದೇವರಾಜ್ ಬತ್ತಾರೆ ಇವತ್ತು," ಎಂದು ಹೇಳಿದಾಗ ಅಕ್ಕನಿಗೆ ಅರ್ಥವಾಯಿತೋ ಇಲ್ಲವೋ ತಿಳಿದಿರಲಿಲ್ಲ. ಆದರೆ ಉಡಿಸಲು ತಂದ ಹತ್ತಿ ಸೀರೆಯನ್ನು ಅವಳು ಎಡಗೈಯಿಂದ ದೂಡಿದಳು. ಬೀರುವಿನ ಕಡೆ ತೋರಿಸಿ, "ಅದೇ," ಎಂದಳು. ರೇಷ್ಮೆಯಂಚಿನ ಹಸಿರು ಸೀರೆ ಹೊರಗೆ ಬರುವ ತನಕ ಬಿಡಲಿಲ್ಲ. ಕನ್ನಡಿ ತರಿಸಿ, ವಾಲಿದ ತುಟಿಯನ್ನು ಬೆರಳಿನಿಂದ ಮೇಲಕ್ಕೆತ್ತಿ ನೋಡಿಕೊಂಡಳು. ಬಿಟ್ಟಾಗ ಅದು ಮತ್ತೆ ಜಾರಿತು. ಪುಷ್ಪಾ ಏನೂ ನೋಡದವಳಂತೆ ಅಕ್ಕನ ತಲೆ ಬಾಚಿ ಹೂ ಮುಡಿಸಿದಳು.

ದೇವರಾಜು ಅಕ್ಕನಿಗೆ ಕೈಮುಗಿದು ಎದುರಿನ ಮಣೆಯ ಮೇಲೆ ಕೂತ. ತಂತಿಯ ಕಿವಿ ಹಿಂಡುತ್ತಾ ಕೆಮ್ಮಿದ. ಆಮೇಲೆ ನುಡಿಸತೊಡಗಿದ. ಮೊದಲಿಗೆ ಬೆರಳು ತಡವರಿಸಿತು, ಒಂದೆರಡು ಕಡೆ ಸ್ವರ ತಪ್ಪಿತು. ಪುಷ್ಪಾ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದಳು. ಅವಳು ಅಳುಬುರುಕ ಎಂದಿದ್ದ ಹಾಡು. ಅದರಲ್ಲಿ ಅಳುವೇ ಇರಲಿಲ್ಲ. ಕತ್ತಲಾಗುವ ಹೊತ್ತಿಗೆ ಹೊಳೆಯ ದಡದಲ್ಲಿ ಒಬ್ಬನೇ ನಿಂತವನು ಆಚೆಯ ಬೆಳಕನ್ನು ನೋಡಿ ಸುಮ್ಮನೆ ಖುಷಿಪಡುತ್ತಿದ್ದ, ಅಷ್ಟೇ. ಇಷ್ಟು ಚೆಂದದ್ದನ್ನು ತಾನು ಎಷ್ಟು ಮಧ್ಯಾಹ್ನ ಅರ್ಧಕ್ಕೇ ತಿರುಗಿಸಿಬಿಟ್ಟೆನಲ್ಲ ಎಂದು ಅವಳು ಪೇಚಾಡಿಕೊಂಡಳು.

ದೇವರಾಜು ಹಾಡಿದ. ದನಿ ಒಡೆದಿತ್ತು; ಆದರೆ ಹಾಡಿನ ದಾರಿ ಅದಕ್ಕೆ ಗೊತ್ತಿತ್ತು. ಎರಡನೆಯ ಸಾಲಿಗೇ ಅಕ್ಕ ಸೇರಿಕೊಂಡಳು. ದೀಪ ಬಂತು, ಕಾಣೆ ನಾ ಬಂತು, ಇಷ್ಟು ದಿನ ನಿಂತುಹೋಗುತ್ತಿದ್ದ ಜಾಗ ಬಂತು. ಅವನ ದನಿ ಹಿಡಿದುಕೊಂಡು ಅವಳು ಅದನ್ನೂ ದಾಟಿದಳು. ದೋಣಿಯವನು ಉಂಡು ಮಲಗಿದ. ಚರಣ ಮುಗಿಯಿತು.

ಮುಂದೆ ಪದವಿಲ್ಲದ ದೇವರಾಜು ತಲೆ ತಗ್ಗಿಸಿ ಬರೀ ಮ್ಯಾಂಡೋಲಿನ್ ನುಡಿಸುತ್ತಿದ್ದ. ಅಕ್ಕ ಅವನನ್ನು ಒಂದು ಗಳಿಗೆ ಕಾದಳು. ಅವನು ಹಾಡಲಿಲ್ಲ. ಅವಳೇ ಎತ್ತಿಕೊಂಡಳು:

‘ಅಕ್ಕಿ ಆರಿಸೊ ಕೈಯ ಬಳೆಗಳು
ಇಲ್ಲಿಗೂ ಸದ್ದು ಮಾಡ್ಯಾವೆ,
ಕೂಗಿ ಕರೆದರೂ ಕೇಳದೋಳಿಗೆ
ತೆರೆಗಳೆ ಸುದ್ದಿ ಒಯ್ದಾವೆ.’

ಒಂದು ಅಕ್ಷರವೂ ತೊದಲಲಿಲ್ಲ. ದೇವರಾಜುವಿನ ಬೆರಳು ತಂತಿಯ ಮೇಲೆಯೇ ನಿಂತುಹೋಯಿತು. ಸುನಂದಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅಂಗಡಿಯ ಬಾಗಿಲಲ್ಲಿ ಶಿವಶಂಕರ, ಅವನ ಹಿಂದೆ ಎಣ್ಣೆ ಕೊಳ್ಳಲು ಬಂದ ಯಾರೋ ಹೆಂಗಸು, ಹಾಗೇ ನಿಂತುಬಿಟ್ಟಿದ್ದರು.

"ಅದೇ," ಎಂದ ದೇವರಾಜು. ಆ ಮನೆಯಲ್ಲಿ ಆ ಪದಕ್ಕಿರುವ ಅರ್ಥ ಆ ಕ್ಷಣ ಅವನ ತಲೆಯಲ್ಲಿರಲಿಲ್ಲ. "ಅದೇ ಕಣಕ್ಕ! ಅದೇ ಪದ! ನಾನು ಬರ್ದಿದ್ದು ಅದ್ನೇ!"

ಅಕ್ಕ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಹೊಟ್ಟೆ ಕುಲುಕುವಂತೆ ನಕ್ಕಳು. ಆಮೇಲೆ ಅವನಿಗೆ ಏನೋ ಹೇಳಬೇಕೆಂದು ಮುಂದಕ್ಕೆ ಬಾಗಿದಳು. ಬಾಯಿ ತೆಗೆದಳು, ಕಣ್ಣು ತುಂಬಿಕೊಂಡಳು, ಕೈಯನ್ನು ಎದೆಗೆ ಇಟ್ಟುಕೊಂಡಳು. ಮಾತು ಬರಲಿಲ್ಲ. ಆ ಹಾಡು ಅವಳಿಗೆ ಏನಾಗಿತ್ತು, ಕೋಟೆಗೆ ಮದುವೆಯಾಗಿ ಹೋಗುವ ಮುಂಚಿನ ಆ ಮಧ್ಯಾಹ್ನಗಳಲ್ಲಿ ಅವಳು ಏನು ಯೋಚಿಸುತ್ತಿದ್ದಳು, ಪುಷ್ಪಾಳಿಗೆ ತಿಳಿಯಲಿಲ್ಲ. ಅಕ್ಕನಿಗೆ ಮಾತಿದ್ದ ಕಾಲದಲ್ಲಿ ತಾನು ಒಮ್ಮೆಯೂ ಕೇಳಿರಲಿಲ್ಲ.

ದೇವರಾಜು ಮಾತ್ರ ತಿಳಿದವನಂತೆ ತಲೆಯಾಡಿಸಿದ. "ಹೇಳಾದೇನೂ ಬ್ಯಾಡಿ ಅಕ್ಕ. ಇನ್ನೊಂದ್ ಸತಿ ಹಾಡಿ. ನಾನು ಕಲ್ತ್ಕತೀನಿ."

ಅವತ್ತು ಸಂಜೆಯ ಬಸ್ಸಿನವರೆಗೂ ಅಕ್ಕ ಹಾಡಿದಳು, ಅವನು ಕಲಿತ.

ಅದಾದ ಮೇಲೆ ಪುಷ್ಪಾಳ ಮನೆಯಲ್ಲಿ ಮಾತೆಲ್ಲ ಹಾಡಾಯಿತು. ಡಾಕ್ಟರಮ್ಮ ಹೇಳಿಕೊಟ್ಟಂತೆ, "ಕಾಫಿ ಬೇಕೇನೆ ಅಕ್ಕ ನಿಂಗೆ," ಎಂದು ಪುಷ್ಪಾ ದೀಪದ ಹಾಡಿನ ರಾಗದಲ್ಲಿ ಕೇಳುವಳು. "ಕಾಫಿ ಬೇಕು ನಂಗೆ," ಎಂದು ಅಕ್ಕ ಅದೇ ರಾಗದಲ್ಲಿ ಹೇಳುವಳು. ಶಿವಶಂಕರ ಮೊದಮೊದಲು ನಾಚಿಕೊಂಡ. ಒಂದು ದಿನ ಒಳಗೆ ಬಂದು, ಗಿರಾಕಿಗಳಿಗೆ ಕೇಳದ ಹಾಗೆ, "ಇಡ್ಲಿ ಆರಿಹೋಯ್ತು ಬನ್ನಿ," ಎಂದು ಅಪಸ್ವರದಲ್ಲಿ ಹಾಡಿದ. ಅಕ್ಕ ಕಿವಿ ಮುಚ್ಚಿಕೊಂಡಳು. ಎಲ್ಲ ಮಾತೂ ವಾಪಸು ಬರಲಿಲ್ಲ. ಬರುವುದೂ ಇಲ್ಲವೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದಳು. ಬಂದಷ್ಟು ಬಂತು.

ದೇವರಾಜು ಬಿಡುವಾದಾಗಲೆಲ್ಲ ಬರತೊಡಗಿದ. ಎರಡನೆಯ ಕ್ಯಾಸೆಟ್ಟಿನ ಹಾಡುಗಳನ್ನೂ ಒಂದೊಂದಾಗಿ ನೆನಪು ಮಾಡಿಕೊಂಡು ತಂದ. ಅವನ್ನು ಕೇಳುವ ಜನ ಇಬ್ಬರೇ, ಅಂಗಡಿಯ ಗಿರಾಕಿಗಳು ಸೇರಿದರೆ ಮೂವರೋ ನಾಲ್ವರೋ. ಅವನಿಗೆ ಅಷ್ಟು ಸಾಕಾಗಿತ್ತು. ಪೂಜಾ ಒಮ್ಮೆ ಕೋಟೆಯಿಂದ ಬಂದಾಗ ದೀಪದ ಹಾಡನ್ನು ಮೊಬೈಲಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದಳು. ಕರ್ಚೀಫಿನ ಹಾಗೆ ಜನ ಮುಗಿಬೀಳಲಿಲ್ಲ. ಆದರೆ ವೀರನಹೊಸಹಳ್ಳಿಯ ಕಡೆಯ ಒಬ್ಬಾತ, ‘ನಮ್ಮಮ್ಮ ಈ ಹಾಡು ಹೇಳಿ ನನ್ನ ಮಲಗಿಸ್ತಿದ್ರು, ಯಾರದು ಅಂತ ಇವತ್ತು ಗೊತ್ತಾಯ್ತು’ ಎಂದು ಬರೆದಿದ್ದ. ಪೂಜಾ ಅದನ್ನು ಓದಿ ಹೇಳಿದಾಗ ದೇವರಾಜು ಮತ್ತೊಮ್ಮೆ ಓದಿಸಿ ಕೇಳಿದ.

ಯುಗಾದಿ ಕಳೆದ ಮೇಲೊಂದು ದಿನ ಅವನು ಹೊಸದೊಂದು ಹಾಡು ತಂದ. ಎಷ್ಟೋ ವರ್ಷಗಳ ಮೇಲೆ ಕಟ್ಟಿದ್ದು. ಕೇಳಿಸುವ ಆತುರಕ್ಕೆ ಚೀಲ ಇಳಿಸಿದವನೇ ನುಡಿಸತೊಡಗಿದ. ಪುಷ್ಪಾಳಿಗೆ ಚೆನ್ನಾಗಿಯೇ ಕೇಳಿಸಿತು. ಅಕ್ಕ ಹುಬ್ಬು ಗಂಟಿಕ್ಕಿಕೊಂಡು ಕೇಳಿದಳು, ಎಡಗೈ ಎತ್ತಿ ಅವನನ್ನು ತಡೆದಳು. ರಾಗವಿಲ್ಲದೆ, ಯಾರ ದನಿಯನ್ನೂ ಹಿಡಿದುಕೊಳ್ಳದೆ, ಬಟ್ಟೆ ಅಂಗಡಿಯಲ್ಲಿ ಗಿರಾಕಿಗೆ ಹೇಳುತ್ತಿದ್ದ ಅದೇ ಗತ್ತಿನಲ್ಲಿ ಅವಳೊಂದು ಮಾತು ಹೇಳಿದಳು.

"ನಿಧಾನ."

ಪುಷ್ಪಾ ಒಲೆಯ ಮೇಲಿನ ಹಾಲನ್ನು ಮರೆತು ಬಾಗಿಲಿಗೆ ಬಂದಳು.

"ಆಯ್ತು ಕಣಕ್ಕ," ಎಂದ ದೇವರಾಜು. ಮ್ಯಾಂಡೋಲಿನ್ನನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ಮೊದಲಿನಿಂದ ಮತ್ತೆ ಹಿಡಿದ.